ಕಾಣದ ಹೊಗೆಗೆ ಯಾರು ಹೊಣೆ?

ಮನೆಯಲ್ಲಿ ಕಾರಿನ ಮಾತು ಬಂದ ಕೂಡಲೇ ನಾವು ಹೆಂಗಸರು ಎದ್ದು ಅಡುಗೆಮನೆಗೆ ಹೋಗುತ್ತೇವೆ. ಅದು ಗಂಡಸರ ವಿಷಯವೆಂದು ಯಾರೋ ಎಂದೋ ತೀರ್ಮಾನಿಸಿಬಿಟ್ಟಿದ್ದಾರೆ, ನಾವೂ ತಲೆಯಾಡಿಸಿದ್ದೇವೆ. ಯಾವ ಬಣ್ಣ ತೆಗೆದುಕೊಳ್ಳಲಿ ಎನ್ನುವಾಗ ಮಾತ್ರ ನಮ್ಮ ನೆನಪಾಗುತ್ತದೆ. ಸಾಲದ ಕಂತಿಗೆ ನಮ್ಮ ಸಂಬಳವಾಗಬಹುದು, ಆಯುಧಪೂಜೆಯ ದಿನ ಅದಕ್ಕೆ ಅರಿಸಿನ ಕುಂಕುಮವಿಟ್ಟು ನಿಂಬೆಹಣ್ಣು ಜೋಡಿಸಲು ನಾವಾಗಬೇಕು. ಆದರೆ ಬಾನೆಟ್ಟಿನ ಕೆಳಗೆ ಏನಿದೆ ಎಂದು ಕೇಳಿದರೆ "ಅದೆಲ್ಲ ನಿನಗೆ ಅರ್ಥವಾಗುವುದಿಲ್ಲ ಬಿಡು" ಎಂಬ ಉತ್ತರ ಸಿದ್ಧವಾಗಿರುತ್ತದೆ. ನಾನು ಇಪ್ಪತ್ತೆಂಟು ವರ್ಷಗಳಿಂದ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಿರುವವಳು. ನಿನಗೆ ಅರ್ಥವಾಗುವುದಿಲ್ಲ ಎಂಬ ಮಾತನ್ನು ಕೊನೆಯ ಬೆಂಚಿನ ಹುಡುಗನಿಗೂ ಹೇಳಿದವಳಲ್ಲ. ಆ ಮಾತು ಹೇಳುವವರಿಗೆ ಸಾಮಾನ್ಯವಾಗಿ ತಮಗೇ ಅರ್ಥವಾಗಿರುವುದಿಲ್ಲ.

ನಾನು ಹೇಳಹೊರಟಿರುವುದು ಇ.ಜಿ.ಆರ್. ಎಂಬ ಒಂದು ಸಣ್ಣ ಸಾಧನದ ಬಗ್ಗೆ. ಎಕ್ಸಾಸ್ಟ್ ಗ್ಯಾಸ್ ರೀಸರ್ಕ್ಯುಲೇಷನ್ ಎಂದು ಪೂರ್ತಿ ಹೆಸರು. ಎಂಜಿನ್ನಿನಿಂದ ಹೊರಗೆ ಹೋಗುವ ಹೊಗೆಯಲ್ಲಿ ಒಂದು ಪಾಲನ್ನು ತಿರುಗಿ ಎಂಜಿನ್ನಿಗೇ ಕಳಿಸುವ ಏರ್ಪಾಡು ಅದು. ಒಂದು ಕೊಳವೆ, ಅದನ್ನು ತೆರೆದು ಮುಚ್ಚಲು ಒಂದು ವಾಲ್ವ್. ಇದೇನೂ ನಿನ್ನೆ ಮೊನ್ನೆಯದಲ್ಲ. ಅಮೆರಿಕದ ಪೆಟ್ರೋಲ್ ಕಾರುಗಳಿಗೆ 1970ರ ದಶಕದಲ್ಲೇ ಬಂತು. ಈಗ ನಮ್ಮ ರಸ್ತೆಯ ಡೀಸೆಲ್ ಕಾರುಗಳಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಇರುತ್ತದೆ ಎಂದರೆ ಕಾರ್ಖಾನೆಯಿಂದ ಬರುವಾಗ ಇರುತ್ತದೆ. ಆಮೇಲೆ ಇರುತ್ತದೋ ಇಲ್ಲವೋ ಎಂಬುದೇ ನನ್ನ ತಕರಾರು.

ನನ್ನ ಮೈದುನ ಒಂದು ಹಳೆಯ ಡೀಸೆಲ್ ಕಾರು ಕೊಂಡಿದ್ದ. ಏರು ಹತ್ತುವಾಗ ದಮ್ಮು ಸಾಲದು, ಮುಂದಿನ ಫಲಕದಲ್ಲಿ ಹಳದಿ ದೀಪ ಹತ್ತಿದ್ದು ಆರುವುದಿಲ್ಲ. ಪೇಟೆಗೆ ಹೊರಟಿದ್ದ ನನ್ನನ್ನೂ ಕೂರಿಸಿಕೊಂಡು ಗ್ಯಾರೇಜಿಗೆ ಹೋದ. ಗ್ಯಾರೇಜಿನವನು ನನ್ನ ಶಿಷ್ಯನೇ. ನಕ್ಷೆ ಚೆನ್ನಾಗಿ ಬರೆಯುತ್ತಿದ್ದ ಹುಡುಗ, ಕೈ ಬಹಳ ಚುರುಕು. ಬಾನೆಟ್ ಎತ್ತಿ ನೋಡಿ, "ಇ.ಜಿ.ಆರ್. ಕಟ್ಕೊಂಡಿದೆ ಸಾರ್, ಮುಚ್ಚಿಬಿಡೋಣ" ಎಂದ. ಏನದು ಎಂದು ನಾನು ಕೇಳಿದ್ದಕ್ಕೆ ಅವನ ಉತ್ತರ ಹೀಗಿತ್ತು: "ಮೇಡಂ, ಅದು ಗಾಡಿಗೆ ಅದರ ಹೊಗೇನೇ ಕುಡಿಸೋ ಯಂತ್ರ. ನಾವು ಬಿಟ್ಟ ಉಸಿರನ್ನ ನಾವೇ ಎಳ್ಕೊಂಡ್ರೆ ಬದುಕ್ತೀವಾ? ಒಂದು ತಗಡು ಇಟ್ಟು ಮುಚ್ಚಿದ್ರೆ ಗಾಡಿ ಕುದುರೆ ಥರ ಓಡುತ್ತೆ." ಹಾಗಾದರೆ ಕಂಪನಿಯವರು ಅದನ್ನು ಇಟ್ಟಿದ್ದಾದರೂ ಯಾಕಪ್ಪಾ ಎಂದೆ. "ಅದು ಗೌರ್ಮೆಂಟ್‌ನೋರ ಕಾಟಕ್ಕೆ ಮೇಡಂ."

"ಎಲ್ಲರೂ ಮಾಡಿಸ್ತಾರೆ ಅತ್ತಿಗೆ" ಎಂದು ಮೈದುನನೂ ದನಿಗೂಡಿಸಿದ. ಹೊಸ ವಾಲ್ವಿಗೆ ಐದಂಕಿಯ ಖರ್ಚಂತೆ, ತಗಡಿಗೆ ಕೆಲವು ನೂರು. ಲೆಕ್ಕ ಎಷ್ಟು ಸುಲಭ ನೋಡಿ.

ಆ ಉಸಿರಿನ ಉಪಮೆ ಕೇಳಲು ಚೆನ್ನಾಗಿದೆ, ಆದರೆ ಶುದ್ಧ ತಪ್ಪು. ಎಂಜಿನ್ ಉಸಿರಾಡುವ ಜೀವವಲ್ಲ, ಅದೊಂದು ಒಲೆ. ಒಲೆಯ ವಿಷಯ ಗಂಡಸರಿಂದ ಕಲಿಯುವ ಅಗತ್ಯ ನಮಗಿಲ್ಲ. ನಮ್ಮ ಅಜ್ಜಿಯರು ಸೌದೆ ಒಲೆಯ ಮೇಲೆ ಹಾಲು ಕೆನೆಗಟ್ಟಲು ಇಡುವಾಗ ಏನು ಮಾಡುತ್ತಿದ್ದರು? ಕೆಂಡದ ಮೇಲೆ ಒಂದಿಷ್ಟು ಬೂದಿ ಎಳೆಯುತ್ತಿದ್ದರು. ಬೂದಿ ಆಗಲೇ ಉರಿದು ಮುಗಿದದ್ದು, ಮತ್ತೆ ಉರಿಯುವುದಿಲ್ಲ. ಕೆಂಡಕ್ಕೆ ಸಿಗುವ ಗಾಳಿಯನ್ನು ತಡೆದು ಕಾವನ್ನು ಹದಕ್ಕೆ ತರುವುದಷ್ಟೇ ಅದರ ಕೆಲಸ. ಇ.ಜಿ.ಆರ್. ಮಾಡುವುದೂ ಇದನ್ನೇ. ಒಮ್ಮೆ ಉರಿದ ಹೊಗೆಯಲ್ಲಿ ಆಮ್ಲಜನಕ ಕಡಿಮೆ. ಅದನ್ನು ಒಳಗೆ ಬೆರೆಸಿದರೆ ಉರಿಯ ಅಬ್ಬರ ತಗ್ಗುತ್ತದೆ, ಒಂದಷ್ಟು ಶಾಖವನ್ನು ಅದೇ ಹೀರಿಕೊಳ್ಳುತ್ತದೆ.

ಉರಿ ತಗ್ಗಿಸುವುದೇಕೆ? ನಮ್ಮ ಸುತ್ತಲಿನ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ, 21 ಪಾಲು ಆಮ್ಲಜನಕ. ಹುಟ್ಟಿದಂದಿನಿಂದ ಇವೆರಡನ್ನೂ ಒಟ್ಟಿಗೆ ಉಸಿರಾಡುತ್ತಿದ್ದೇವೆ, ಒಂದನ್ನೊಂದು ಮುಟ್ಟದೆ ಅಕ್ಕಪಕ್ಕದ ಮನೆಯವರಂತೆ ಇರುತ್ತವೆ. ಆದರೆ ಎಂಜಿನ್ನಿನ ಒಳಗಿನ ಕಾವು ಸುಮಾರು 1500 ಡಿಗ್ರಿ ದಾಟಿತೆಂದರೆ ಎರಡೂ ಭರದಿಂದ ಕೂಡಿಕೊಂಡು ಸಾರಜನಕದ ಆಕ್ಸೈಡುಗಳಾಗುತ್ತವೆ. ಕಾವು ಏರಿದಷ್ಟೂ ಹೆಚ್ಚು. ಇದು ಕಪ್ಪು ಹೊಗೆಯಲ್ಲ. ಸೈಲೆನ್ಸರಿನ ಹಿಂದೆ ನಿಂತರೂ ಕಣ್ಣಿಗೆ ಕಾಣುವುದಿಲ್ಲ. ಶ್ವಾಸನಾಳವನ್ನು ಕೆರಳಿಸುತ್ತದೆ, ಆಸ್ತಮಾ ಇರುವ ಮಕ್ಕಳಿಗೆ ಅದನ್ನು ಉಲ್ಬಣಿಸುತ್ತದೆ. ಬಿಸಿಲಿಗೆ ಸಿಕ್ಕಿ ಗಾಳಿಯಲ್ಲಿರುವ ಬೇರೆ ಆವಿಗಳೊಂದಿಗೆ ಸೇರಿದರೆ ನೆಲದ ಮಟ್ಟದಲ್ಲಿ ಓಜೋನ್ ಆಗುತ್ತದೆ. ಮೇಲೆ ಆಕಾಶದಲ್ಲಿ ನಮ್ಮನ್ನು ಕಾಯುವ ಅದೇ ಓಜೋನ್ ಕೆಳಗೆ ಎದೆಗೆ ವೈರಿ. ನಮ್ಮಲ್ಲಿ ಬಿಸಿಲಿಗೇನು ಬರವೇ?

ನನ್ನ ಶಿಷ್ಯ ಹೇಳಿದ್ದರಲ್ಲಿ ಒಂದು ನಿಜವಿತ್ತು, ಅದನ್ನು ಮುಚ್ಚಿಡಬಾರದು. ಡೀಸೆಲ್ ಹೊಗೆಯಲ್ಲಿ ಮಸಿ ಇರುತ್ತದೆ, ಅದು ಎಣ್ಣೆಯ ಆವಿಯೊಂದಿಗೆ ಸೇರಿ ವಾಲ್ವಿನಲ್ಲಿ, ಕೊಳವೆಯಲ್ಲಿ ಜಿಡ್ಡಾಗಿ ಕಟ್ಟುತ್ತದೆ. ನಮ್ಮ ಅಡುಗೆಮನೆಯ ಚಿಮಣಿಯ ಹಾಗೆಯೇ. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಶಾಲೆಗೆ ಎಂದು ಎರಡೆರಡು ಕಿಲೋಮೀಟರ್ ಓಡಿಸುವ ಕಾರಿನಲ್ಲಿ ಇದು ಬೇಗ ಕಟ್ಟುತ್ತದೆ, ಏಕೆಂದರೆ ಎಂಜಿನ್ ಸರಿಯಾಗಿ ಕಾಯುವುದೇ ಇಲ್ಲ. ಆದರೆ ಚಿಮಣಿಗೆ ಜಿಡ್ಡು ಹಿಡಿದರೆ ನಾವು ತೊಳೆಯುತ್ತೇವೆ, ಸಿಮೆಂಟು ಮೆತ್ತಿ ಮುಚ್ಚುತ್ತೇವೆಯೇ? ವಾಲ್ವನ್ನು ಬಿಚ್ಚಿ ತೊಳೆಯಬಹುದು. ಹೇಳಿದ ಕಾಲಕ್ಕೆ ಹೇಳಿದ ಆಯಿಲನ್ನೇ ಹಾಕಿಸಬಹುದು. ಆಗಾಗ ಹೆದ್ದಾರಿಯಲ್ಲಿ ಒಂದು ಒಳ್ಳೆಯ ಓಟ ಓಡಿಸಬಹುದು. ದಿನಕ್ಕೆ ಐದು ಕಿಲೋಮೀಟರ್ ಓಡಿಸುವವರಿಗೆ ಡೀಸೆಲ್ ಕಾರು ಏಕೆ ಮಾರಿದಿರಿ ಎಂದು ಷೋರೂಮಿನವರನ್ನೂ ಕೇಳಬಹುದು. ಮಾರುವಾಗ ಮೈಲೇಜಿನ ಕಥೆ ಹೇಳುವ ಬಾಯಿ ಈ ಮಸಿಯ ಕಥೆ ಹೇಳುವುದಿಲ್ಲ.

ಈ "ಮಸಿ ಕಟ್ಟುತ್ತದೆ, ಅದಕ್ಕೇ ಮುಚ್ಚುತ್ತೇವೆ" ಎಂಬ ವಾದವನ್ನು ನಮ್ಮ ಗ್ಯಾರೇಜಿನವರಿಗಿಂತ ಬಹಳ ದೊಡ್ಡವರು, ಬಹಳ ದೊಡ್ಡ ಕಟಕಟೆಯಲ್ಲಿ ನಿಂತು ಮಾಡಿ ಸೋತಿದ್ದಾರೆ. 2015ರ ಸೆಪ್ಟೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಕಂಪನಿಯ ಮೋಸ ಬಯಲಾದದ್ದು ಪತ್ರಿಕೆಗಳಲ್ಲಿ ಬಂದಿತ್ತು. ಲೋಕದಾದ್ಯಂತ ಸುಮಾರು 1 ಕೋಟಿ 10 ಲಕ್ಷ ಡೀಸೆಲ್ ಕಾರುಗಳಲ್ಲಿ ಒಂದು ಕಳ್ಳ ಸಾಫ್ಟ್‌ವೇರ್ ಇತ್ತು. ಕಾರು ಪರೀಕ್ಷಾಲಯದಲ್ಲಿ ನಿಂತಿದೆ ಎಂದು ಅದಕ್ಕೆ ಗೊತ್ತಾದರೆ ಸಾಧುವಾಗುತ್ತಿತ್ತು, ಇ.ಜಿ.ಆರ್. ಅಚ್ಚುಕಟ್ಟಾಗಿ ಕೆಲಸ ಮಾಡುತ್ತಿತ್ತು. ರಸ್ತೆಗೆ ಇಳಿದ ತಕ್ಷಣ ಅದೇ ವಾಲ್ವನ್ನು ಸಡಿಲ ಬಿಡುತ್ತಿತ್ತು. ಇನ್‌ಸ್ಪೆಕ್ಟರು ಬಂದ ದಿನ ಮಾತ್ರ ಪಾಠದ ಟಿಪ್ಪಣಿ ಬರೆಯುವ ಮೇಷ್ಟರಂತೆ ಎನ್ನಿ. ಅಮೆರಿಕದಲ್ಲಿ ಮಾರಿದ ಕೆಲವು ಕಾರುಗಳು ರಸ್ತೆಯಲ್ಲಿ ಮಿತಿಯ 40 ಪಟ್ಟಿನವರೆಗೂ ಸಾರಜನಕದ ಆಕ್ಸೈಡ್ ಉಗುಳುತ್ತಿದ್ದವು. ನಮ್ಮ ದೇಶದಲ್ಲೂ ಆ ಕಂಪನಿ ಮೂರು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ವಾಪಸು ಕರೆಯಬೇಕಾಯಿತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 500 ಕೋಟಿ ರೂಪಾಯಿ ದಂಡ ಹಾಕಿತು, ಕಂಪನಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ನಮ್ಮವರು ಸಾಚಾ ಎಂದುಕೊಳ್ಳಬೇಡಿ. 2013ರಲ್ಲಿ ಜನರಲ್ ಮೋಟಾರ್ಸ್‌ನ ಭಾರತದ ಶಾಖೆ 1 ಲಕ್ಷ 14 ಸಾವಿರ ಟವೇರಾಗಳನ್ನು ಹಿಂದಕ್ಕೆ ಕರೆಸಿಕೊಂಡದ್ದೂ ಹೊಗೆ ಪರೀಕ್ಷೆಯಲ್ಲಿ ನಡೆದ ಕಳ್ಳಾಟದಿಂದಲೇ. ಎಷ್ಟು ಮದುವೆಗಳಿಗೆ, ಎಷ್ಟು ಧರ್ಮಸ್ಥಳ ಯಾತ್ರೆಗಳಿಗೆ ನಾವು ಟವೇರಾದಲ್ಲಿ ಹೋಗಿಲ್ಲ!

ಇಂಥದೇ ಸಾಫ್ಟ್‌ವೇರಿನ ಒಂದು ಪ್ರಕರಣ ಫ್ರಾನ್ಸಿನಿಂದ ಲಕ್ಸೆಂಬರ್ಗಿನಲ್ಲಿರುವ ಯುರೋಪಿಯನ್ ನ್ಯಾಯಾಲಯಕ್ಕೆ ಹೋಯಿತು. ಎಂಜಿನ್ನಿಗೆ ಮಸಿ ಕಟ್ಟದಿರಲಿ, ಬೇಗ ಸವೆಯದಿರಲಿ ಎಂಬ ಕಾರಣಕ್ಕೆ ಇ.ಜಿ.ಆರ್. ಅನ್ನು ಹೀಗೆ ಸಡಿಲ ಬಿಡಬಹುದೇ ಎಂಬುದು ಪ್ರಶ್ನೆ. ಬಿಡುವಂತಿಲ್ಲ ಎಂದು ಆ ನ್ಯಾಯಾಲಯ 2020ರ ಡಿಸೆಂಬರ್ 17ರಂದು ತೀರ್ಪು ಕೊಟ್ಟಿತು. ಹಠಾತ್ತಾಗಿ ಎಂಜಿನ್ ಕೆಟ್ಟು ಓಡಿಸುವವರಿಗೆ ಅಪಾಯವಾಗುವಂತಿದ್ದರೆ ಬೇರೆ ಮಾತು. ಮಸಿ ಕಟ್ಟುವುದು, ಹಳತಾಗುವುದು ಯಂತ್ರದ ಸಹಜ ಧರ್ಮ, ಅದನ್ನು ನೆಪ ಮಾಡಿಕೊಂಡು ಊರಿನ ಗಾಳಿ ಕೆಡಿಸಕೂಡದು. ನಮ್ಮೂರಿನ ತಗಡು ಮತ್ತು ಅವರ ಸಾಫ್ಟ್‌ವೇರ್ ಮಾಡುವುದು ಒಂದೇ ಕೆಲಸ. ಒಂದೇ ವ್ಯತ್ಯಾಸ, ಅವರದು ಪರೀಕ್ಷೆಯ ಹೊತ್ತಿಗಾದರೂ ತೆರೆದುಕೊಳ್ಳುತ್ತಿತ್ತು.

ಆ ತೀರ್ಪಿನ ಹಿಂದಿನ ದಿನ, ಡಿಸೆಂಬರ್ 16ರಂದು, ಲಂಡನ್ನಿನಲ್ಲಿ ಇನ್ನೊಂದು ತೀರ್ಮಾನ ಬಂತು. ಎಲ್ಲಾ ಕಿಸಿ-ಡೆಬ್ರಾ ಎಂಬ ಹುಡುಗಿಯ ಸಾವಿನ ವಿಚಾರಣೆ ಅದು. ಎಲ್ಲಾ ಎಂಬುದು ಆ ಮಗುವಿನ ಹೆಸರು. ದಕ್ಷಿಣ ಲಂಡನ್ನಿನಲ್ಲಿ ವಾಹನಗಳಿಂದ ಸದಾ ಗಿಜಿಗುಡುವ ಸೌತ್ ಸರ್ಕ್ಯುಲರ್ ರಸ್ತೆಯ ಹತ್ತಿರ ಅವಳ ಮನೆ. ತೀವ್ರ ಆಸ್ತಮಾದಿಂದ ಮತ್ತೆ ಮತ್ತೆ ಆಸ್ಪತ್ರೆ ಸೇರಿ, 2013ರ ಫೆಬ್ರವರಿಯಲ್ಲಿ ಒಂಬತ್ತನೆಯ ವಯಸ್ಸಿಗೆ ತೀರಿಕೊಂಡಳು. ತಾಯಿ ಶಿಕ್ಷಕಿಯಾಗಿದ್ದವರು. ಅವರು ವರ್ಷಗಟ್ಟಲೆ ಹೋರಾಡಿ ಮೊದಲ ವಿಚಾರಣೆಯ ತೀರ್ಮಾನವನ್ನು ಹೈಕೋರ್ಟಿನಲ್ಲಿ ರದ್ದು ಮಾಡಿಸಿ ಎರಡನೆಯ ವಿಚಾರಣೆ ನಡೆಯುವಂತೆ ಮಾಡಿದರು. ಸಾವಿಗೆ ವಾಯುಮಾಲಿನ್ಯವೂ ಕಾರಣ, ಮಗು ಉಸಿರಾಡಿದ ಗಾಳಿಯಲ್ಲಿ ನೈಟ್ರೋಜನ್ ಡೈಆಕ್ಸೈಡ್ ಮಿತಿ ಮೀರಿತ್ತು, ಅದು ಮುಖ್ಯವಾಗಿ ವಾಹನಗಳಿಂದ ಬಂದದ್ದು ಎಂದು ವಿಚಾರಣಾಧಿಕಾರಿ ಬರೆದರು. ಬ್ರಿಟನ್ನಿನಲ್ಲಿ ಒಬ್ಬರ ಮರಣದ ಕಾರಣದಲ್ಲಿ ವಾಯುಮಾಲಿನ್ಯ ದಾಖಲಾದದ್ದು ಅದೇ ಮೊದಲು. ಇನ್ನೊಂದು ಮಾತನ್ನೂ ಅವರು ಬರೆದರು: ಈ ಗಾಳಿಯಿಂದ ಆಸ್ತಮಾ ಹೆಚ್ಚಾಗುತ್ತದೆ ಎಂದು ತಾಯಿಗೆ ಯಾರೂ ತಿಳಿಸಿರಲಿಲ್ಲ, ತಿಳಿಸಿದ್ದರೆ ಆಕೆ ಮಗುವನ್ನು ಉಳಿಸಬಹುದಾಗಿದ್ದ ಹೆಜ್ಜೆಗಳನ್ನು ಇಡುತ್ತಿದ್ದರು. ಈ ಸಾಲನ್ನು ಓದಿದ ಮೇಲೆಯೇ ನಾನು ಈ ಲೇಖನ ಬರೆಯಲು ಕುಳಿತದ್ದು.

"ಲಂಡನ್ ಕಥೆ ಇಲ್ಲೇಕೆ, ನಮ್ಮಲ್ಲಿ ಎಮಿಷನ್ ಟೆಸ್ಟ್ ಇದೆಯಲ್ಲ" ಎನ್ನುವವರಿದ್ದಾರೆ. ಇದೆ. ಪೆಟ್ರೋಲ್ ಬಂಕಿನ ಪಕ್ಕದ ಗೂಡಂಗಡಿಯಲ್ಲಿ ಅಥವಾ ವ್ಯಾನಿನಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಕೂತಿರುತ್ತಾರೆ. ಕೊಳವೆಯನ್ನು ಸೈಲೆನ್ಸರಿಗೆ ತೂರಿಸಿದ ಹಾಗೆ ಮಾಡಿ ಫೋಟೋ ಹೊಡೆದು ಚೀಟಿ ಕೊಡುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಅದು ಹಾಗಿರಲಿ, ಪ್ರಾಮಾಣಿಕವಾಗಿಯೇ ಪರೀಕ್ಷೆ ಮಾಡಿದರು ಎಂದುಕೊಳ್ಳೋಣ. ಅವರು ನೋಡುವುದೇನನ್ನು? ಡೀಸೆಲ್ ಗಾಡಿಯಾದರೆ ನಿಂತಲ್ಲೇ ಆಕ್ಸಿಲರೇಟರ್ ಒತ್ತಿಸಿ ಹೊಗೆ ಎಷ್ಟು ದಟ್ಟವಾಗಿದೆ ಎಂದು ನೋಡುತ್ತಾರೆ. ಪೆಟ್ರೋಲ್ ಗಾಡಿಯಾದರೆ ಕಾರ್ಬನ್ ಮೊನಾಕ್ಸೈಡ್, ಉರಿಯದೆ ಉಳಿದ ಇಂಧನದ ಆವಿ. ಸಾರಜನಕದ ಆಕ್ಸೈಡುಗಳನ್ನು ಅಳೆಯುವುದೇ ಇಲ್ಲ! ಇ.ಜಿ.ಆರ್. ಇರುವುದೇ ಯಾವುದನ್ನು ತಡೆಯಲೋ ಅದನ್ನೇ ಈ ಪರೀಕ್ಷೆ ಕೇಳುವುದಿಲ್ಲ. ಇನ್ನೂ ವಿಚಿತ್ರವೆಂದರೆ, ಉರಿ ತಗ್ಗಿದರೆ ಮಸಿ ಹೆಚ್ಚುತ್ತದೆ, ಉರಿ ಏರಿದರೆ ಮಸಿ ಕಡಿಮೆಯಾಗುತ್ತದೆ. ಆದ್ದರಿಂದ ತಗಡು ಹಾಕಿಸಿದ ಕಾರಿನ ಕಪ್ಪು ಹೊಗೆ ಮೊದಲಿಗಿಂತ ತೆಳುವಾಗಿಯೂ ಕಾಣಬಹುದು. ಕಣ್ಣಿಗೆ ಕಾಣದ ವಿಷ ಏರಿರುತ್ತದೆ, ಕೈಯಲ್ಲಿ ಸರ್ಕಾರದ ಚೀಟಿ ಇರುತ್ತದೆ. ಗಣಿತದಲ್ಲಿ ನಪಾಸಾದ ಹುಡುಗನಿಗೆ ಡ್ರಿಲ್‌ನಲ್ಲಿ ಚೆನ್ನಾಗಿ ಓಡಿದ ಎಂದು ಬಡ್ತಿ ಕೊಟ್ಟರೆ ನೀವು ಒಪ್ಪುತ್ತೀರಾ?

ಮೈದುನ ಅಂದು ನನ್ನ ಮುಖ ನೋಡಿಕೊಂಡು ವಾಲ್ವನ್ನು ತೊಳೆಸಿದ. ಆಮೇಲೆ ನನ್ನ ಬೆನ್ನ ಹಿಂದೆ ಏನು ಮಾಡಿಸಿದನೋ ಅವನಿಗೇ ಗೊತ್ತು. ನನಗೆ ತಿಳಿಯುವ ದಾರಿಯಿಲ್ಲ, ಆ ಎಮಿಷನ್ ಚೀಟಿಯಂತೂ ತಿಳಿಸುವುದಿಲ್ಲ.

ಸರ್ಕಾರ ಏನೂ ಮಾಡಿಲ್ಲ ಎಂದರೆ ಅನ್ಯಾಯವಾದೀತು. 2000ನೇ ಇಸವಿಯಲ್ಲಿ ದೇಶದಾದ್ಯಂತ ಪೆಟ್ರೋಲಿನಿಂದ ಸೀಸ ತೆಗೆದರು. ಅದು ಮಕ್ಕಳ ಪಾಲಿಗೆ ಆದ ದೊಡ್ಡ ಉಪಕಾರ, ಒಂದು ಹಾರ ಹಾಕುವಷ್ಟೂ ನಾವು ನೆನೆಯಲಿಲ್ಲ. 2020ರ ಏಪ್ರಿಲ್ 1ರಿಂದ ಬಿ.ಎಸ್. 6 ಬಂತು. ಹಳೆಯ ಬಿ.ಎಸ್. 4 ಡೀಸೆಲ್ ಕಾರು ಕಿಲೋಮೀಟರಿಗೆ 250 ಮಿಲಿಗ್ರಾಂ ಸಾರಜನಕದ ಆಕ್ಸೈಡ್ ಬಿಡಬಹುದಾಗಿತ್ತು, ಹೊಸದು 80 ಮಾತ್ರ. ಮಸಿಯ ಕಣಗಳ ಮಿತಿ 25 ಮಿಲಿಗ್ರಾಮಿನಿಂದ ನಾಲ್ಕೂವರೆಗೆ ಇಳಿಯಿತು. ಇಂಧನದಲ್ಲಿನ ಗಂಧಕ ಹತ್ತು ಲಕ್ಷಕ್ಕೆ 50 ಪಾಲಿದ್ದದ್ದು 10ಕ್ಕೆ ಬಂತು. 2023ರ ಏಪ್ರಿಲ್‌ನಿಂದ ಹೊಸ ಮಾದರಿಗಳನ್ನು ನಿಜವಾದ ರಸ್ತೆಯಲ್ಲೇ ಓಡಿಸಿ ಅಳೆಯುವ ನಿಯಮವೂ ಇದೆ. ಇದಕ್ಕೆಲ್ಲ ಎಣ್ಣೆ ಕಂಪನಿಗಳು, ಕಾರು ಕಂಪನಿಗಳು ಸಾವಿರಾರು ಕೋಟಿ ಸುರಿದವು. ಸುರಿದದ್ದು ಯಾರ ಜೇಬಿನಿಂದ? ಕಾರಿನ ಬೆಲೆಯಲ್ಲಿ ನಾವೇ ಕೊಟ್ಟಿದ್ದೇವೆ. ಅಷ್ಟು ಹಣ ಕೊಟ್ಟು ತಂದದ್ದನ್ನು ಊರಿನ ಗ್ಯಾರೇಜಿನಲ್ಲಿ ಮತ್ತೊಂದಿಷ್ಟು ಕೊಟ್ಟು ಕಿತ್ತು ಹಾಕಿಸುತ್ತೇವೆ. ಇದು ಬುದ್ಧಿವಂತಿಕೆಯೇ?

ಇ.ಜಿ.ಆರ್. ಒಂದೇ ಅಲ್ಲ. ಹೊಸ ಡೀಸೆಲ್ ಕಾರಿನ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಡಿ.ಪಿ.ಎಫ್. ಎಂಬ ಜಾಲರಿ ಇದೆ. ಅದು ತುಂಬಿದಾಗ ಸುಮಾರು 600 ಡಿಗ್ರಿ ಕಾವಿನಲ್ಲಿ ತನ್ನ ಮಸಿಯನ್ನು ತಾನೇ ಸುಟ್ಟುಕೊಳ್ಳಬೇಕು. ಊರೊಳಗಿನ ಕುಂಟು ಓಟದಲ್ಲಿ ಅಷ್ಟು ಕಾವು ಬರುವುದಿಲ್ಲ, ದೀಪ ಹತ್ತುತ್ತದೆ, ಅದನ್ನೂ ಒಡೆದು ಖಾಲಿ ಮಾಡಿಕೊಡುವವರಿದ್ದಾರೆ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲೇ ಖಚಿತವಾಗಿ ಹೇಳಿದೆ. ಪೆಟ್ರೋಲ್ ಕಾರಿನಲ್ಲಿ ಆ ಜಾಗದಲ್ಲಿ ಕೆಟಲಿಟಿಕ್ ಕನ್ವರ್ಟರ್ ಇರುತ್ತದೆ. ಅದರಲ್ಲಿ ಪ್ಲಾಟಿನಂ, ಪೆಲ್ಲೇಡಿಯಂ, ರೋಡಿಯಂ ಎಂಬ ಬೆಲೆಬಾಳುವ ಲೋಹಗಳ ಲೇಪವಿದೆ. ಹಾಳಾಗಿದೆ ಎಂದು ಹೇಳಿ ಅದನ್ನು ಕಿತ್ತು ಬರಿಯ ಕೊಳವೆ ಜೋಡಿಸಿಕೊಟ್ಟರೆ, ಕಿತ್ತದ್ದು ಯಾರ ಪಾಲಾಯಿತು ಎಂದು ಒಮ್ಮೆ ಕೇಳಿ ನೋಡಿ. ಕೆಲವು ಪೆಟ್ರೋಲ್ ಕಾರುಗಳಲ್ಲೂ ಇ.ಜಿ.ಆರ್. ಉಂಟು, ಅಲ್ಲಿ ಅದು ಇಂಧನ ಉಳಿಸಲೂ ನೆರವಾಗುತ್ತದೆ. ಮೈಲೇಜಿಗಾಗಿ ಅದನ್ನೂ ಮುಚ್ಚಿಸುವ ಮಹಾನುಭಾವರಿಗೆ ಕೈ ಮುಗಿಯಬೇಕು!

ಕಾನೂನು ಇಲ್ಲದೆ ಇಲ್ಲ. ವಾಹನದಿಂದ ಗಾಳಿ ಕೆಡಿಸುವವರಿಗೆ ಮೋಟಾರು ವಾಹನ ಕಾಯ್ದೆಯ 190ನೇ ಕಲಮಿನಲ್ಲಿ ಮೊದಲ ಸಲಕ್ಕೇ ಮೂರು ತಿಂಗಳವರೆಗೆ ಸೆರೆ ಅಥವಾ ಹತ್ತು ಸಾವಿರದವರೆಗೆ ದಂಡ, ಮೂರು ತಿಂಗಳು ಲೈಸೆನ್ಸ್ ರದ್ದು ಎಂದಿದೆ. ಆದರೆ ಅಳತೆಯೇ ಇಲ್ಲದ ಅಪರಾಧಕ್ಕೆ ಶಿಕ್ಷೆ ಕೊಡುವುದು ಹೇಗೆ? ನನ್ನ ಬೇಡಿಕೆ ದೊಡ್ಡದೇನೂ ಅಲ್ಲ. ವರ್ಷಕ್ಕೊಮ್ಮೆ ಎಮಿಷನ್ ಪರೀಕ್ಷೆಗೆ ಬಂದ ಕಾರಿನ ಬಾನೆಟ್ ಎತ್ತಿ ಇ.ಜಿ.ಆರ್. ಇದೆಯೇ, ಮುಚ್ಚಿದೆಯೇ ನೋಡಲಿ. ಕಾರಿನ ಕಂಪ್ಯೂಟರ್ ತನ್ನ ದೋಷಗಳನ್ನು ತಾನೇ ಬರೆದಿಟ್ಟುಕೊಳ್ಳುತ್ತದೆ, ಗ್ಯಾರೇಜಿನ ಹುಡುಗರೇ ಒಂದು ವೈರ್ ಚುಚ್ಚಿ ಅದನ್ನು ಓದುತ್ತಾರೆ. ಆ ವೈರನ್ನು ಸರ್ಕಾರ ಯಾಕೆ ಚುಚ್ಚಬಾರದು? ಸಾರಜನಕದ ಆಕ್ಸೈಡ್ ಅಳೆಯುವ ಯಂತ್ರವನ್ನು ಜಿಲ್ಲೆಗೆ ಒಂದಾದರೂ ಏಕೆ ಇಡಬಾರದು? ಚುನಾವಣೆಯ ಹೊತ್ತಿಗೆ ರಸ್ತೆಗೆ ಟಾರು ಕೇಳುತ್ತೇವೆ, ಇದನ್ನು ಯಾರೂ ಕೇಳುವುದಿಲ್ಲ, ಕಾಣುವುದಿಲ್ಲವಲ್ಲ!

ನಮ್ಮ ಶಾಲೆಯ ಗೇಟಿನ ಮುಂದೆ ಸಂಜೆ ನಾಲ್ಕಕ್ಕೆ ಬಂದು ನೋಡಿ. ಮಕ್ಕಳನ್ನು ಕರೆದೊಯ್ಯಲು ಬಂದ ಕಾರುಗಳು ಸಾಲಾಗಿ ನಿಂತಿರುತ್ತವೆ, ಎ.ಸಿ. ಬೇಕೆಂದು ಎಂಜಿನ್ ಆರಿಸುವುದಿಲ್ಲ. ಆ ಸೈಲೆನ್ಸರುಗಳ ಎತ್ತರಕ್ಕೂ ಒಂದನೇ ತರಗತಿಯ ಮಗುವಿನ ಮೂಗಿನ ಎತ್ತರಕ್ಕೂ ಹೆಚ್ಚು ಅಂತರವಿಲ್ಲ. ಒಳಗೆ ಕೂತವರಿಗೆ ಕಿಟಕಿಯ ಗಾಜಿದೆ, ನಡೆದು ಹೋಗುವ ಮಕ್ಕಳಿಗೆ, ಹಿಂದೆ ಸ್ಕೂಟಿಯಲ್ಲಿ ನಿಂತ ನಮ್ಮಂಥ ಶಿಕ್ಷಕಿಯರಿಗೆ ಏನಿದೆ? ತಗಡು ಹಾಕಿಸಿಕೊಂಡು ಉಳಿಸಿದ ದುಡ್ಡು ಒಬ್ಬರ ಜೇಬಿಗೆ, ಅದರ ಕೆಮ್ಮು ಇನ್ನೊಬ್ಬರ ಎದೆಗೆ. ಪೋಷಕರ ಸಭೆಯಲ್ಲಿ ನಾನು ಈ ಮಾತೆತ್ತಿದಾಗ ಒಬ್ಬರು "ಲಾರಿಗಳಿಗೆ ಮೊದಲು ಹೇಳಿ ಮೇಡಂ" ಎಂದರು. ಲಾರಿಗಳಿಗೂ ಹೇಳೋಣ. ಆದರೆ ನಮ್ಮ ಗೇಟಿಗೆ ಲಾರಿ ಬರುವುದಿಲ್ಲ, ಅವರ ಕಾರು ಬರುತ್ತದೆ.

ಇನ್ನು ಮುಂದೆ ಮನೆಯ ಕಾರು ಸರ್ವಿಸಿಗೆ ಹೊರಟಾಗ ನೀವೂ ಜೊತೆಗೆ ಹೋಗಿ. ಇ.ಜಿ.ಆರ್. ತೊಳೆದಿರಾ, ಮುಚ್ಚಿದಿರಾ ಎಂದು ಕೇಳಿ. ಬಿಲ್ಲಿನಲ್ಲಿ ಬರೆದುಕೊಡಿ ಎನ್ನಿ. ಹಳೆಯ ಕಾರು ಕೊಳ್ಳುವುದಾದರೆ ಹಣ ಕೊಡುವ ಮೊದಲೇ ಕೇಳಿ, ಹಿಂದಿನವರು ತಗಡು ಹಾಕಿಸಿದ್ದರೆ ತೆಗೆಸಿದ ಮೇಲೆಯೇ ಕೊಳ್ಳುತ್ತೇವೆ ಎನ್ನಿ. ಡಿ.ಪಿ.ಎಫ್., ಕನ್ವರ್ಟರ್ ಜಾಗದಲ್ಲಿವೆಯೇ ಎಂದು ಕಾರನ್ನು ಎತ್ತಿಸಿ ತೋರಿಸಲಿ. ಹಳದಿ ದೀಪ ಆರಿದೆ ಎಂದು ತೃಪ್ತಿಪಡಬೇಡಿ, ದೀಪ ಆರಿಸುವ ವಿದ್ಯೆಯೂ ಅವರಿಗೆ ಗೊತ್ತಿದೆ. ನಿಮಗೆ ಅರ್ಥವಾಗುವುದಿಲ್ಲ ಎಂದರೆ, ಅರ್ಥವಾಗುವವರೆಗೂ ಹೇಳಿ, ನಾನು ಇಲ್ಲೇ ಕೂತಿರುತ್ತೇನೆ ಎಂದು ಅಲ್ಲಿನ ಸ್ಟೂಲ್ ಎಳೆದುಕೊಂಡು ಕುಳಿತುಬಿಡಿ.